ಹೊಸ ಕೋಚ್, ಹಳೆಯ ಫಸಲು

(ಕೊಡಗಿನ ಸುಂಟಿಕೊಪ್ಪದಲ್ಲಿ ಶಾಲಾ ಆಟಗಾರರು, ಪೋಷಕರು ಮತ್ತು ಸ್ಥಳೀಯ ಕ್ಲಬ್‌ಗಳ ಸದಸ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕುಳಿತಿರುವವರಲ್ಲಿ ಬಹುಪಾಲು ಮಂದಿಗೆ ಕಾಫಿ ಗಿಡದ ಸ್ವಭಾವ ಗೊತ್ತು. ಆದ್ದರಿಂದ ಫುಟ್‌ಬಾಲಿಗೆ ತೋಟದ ದಾರಿಯಿಂದಲೇ ಬರುತ್ತೇನೆ. ಒಂದು ತೋಟಕ್ಕೆ ಜೂನ್ ತಿಂಗಳಲ್ಲಿ ಹೊಸ ಮ್ಯಾನೇಜರ್ ಬಂದರು ಎಂದು ಇಟ್ಟುಕೊಳ್ಳಿ. ಜನವರಿಯಲ್ಲಿ ಕೊಯ್ಲಾಯಿತು, ಕಣದಲ್ಲಿ ರಾಶಿ ದೊಡ್ಡದಾಗಿ ಬಿತ್ತು. ಅದು ಯಾರ ಫಸಲು? ಹೂ ಅರಳಿದ್ದು ಅವರು ಬರುವ ಮೊದಲು, ಮಾರ್ಚ್‌ನ ಹೂಮಳೆಗೆ. ಆ ಹೂ ಕಟ್ಟಿದ್ದು ಹಿಂದಿನ ವರ್ಷ ಬೆಳೆದ ಕೊಂಬೆಯ ಮೇಲೆ. ಆ ಕೊಂಬೆಗೆ ಬೆಳಕು ಬೀಳುವಂತೆ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿಸಿದ್ದು, ಬೇಡದ ಚಿಗುರು ತೆಗೆಸಿದ್ದು ಹಳೆಯ ಮ್ಯಾನೇಜರ್. ಫಸಲು ಕುಸಿದಿದ್ದರೂ ಲೆಕ್ಕ ಇಷ್ಟೇ. ಹೊಸಬರು ಏನು ಮಾಡಿದ್ದಾರೆ ಎಂದು ತಿಳಿಯಬೇಕಾದರೆ ಕಣದಲ್ಲಿ ನಿಂತರೆ ಆಗುವುದಿಲ್ಲ, ತೋಟದೊಳಗೆ ನಡೆದು ಕೊಂಬೆ ನೋಡಬೇಕು.

ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಬಂದಾಗ ನಾವೆಲ್ಲರೂ ಕಣದಲ್ಲೇ ನಿಲ್ಲುತ್ತೇವೆ. ಮೊದಲ ನಾಲ್ಕು ಪಂದ್ಯಗಳಲ್ಲಿ ಆರು ಗೋಲು ಬಂದರೆ ದಾಳಿ ಚುರುಕಾಯಿತು ಎನ್ನುತ್ತೇವೆ. ಒಂದು ಗೋಲು ಬಂದರೆ ಇವರಿಗೆ ದಾಳಿ ಕಟ್ಟಲು ಬರುವುದಿಲ್ಲ ಎನ್ನುತ್ತೇವೆ. ಮೈದಾನದಿಂದ ಹೊರಟು ಬಸ್ ನಿಲ್ದಾಣ ಮುಟ್ಟುವುದರೊಳಗೆ ತೀರ್ಪು ಸಿದ್ಧವಾಗಿರುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದವನಾಗಿ ನಾನು ಹೇಳುವುದು ಒಂದೇ ಮಾತು: ದಾಳಿ ಎಲ್ಲಿ ಮುಗಿಯಿತು ಎಂಬುದಕ್ಕಿಂತ ಎಲ್ಲಿ ಹುಟ್ಟಿತು ಎಂಬುದನ್ನು ನೋಡಿ. ಹುಟ್ಟುವ ಜಾಗ ಬದಲಾಗಿದ್ದರೆ ಮಾತ್ರ ಕೋಚ್ ಏನನ್ನೋ ಬದಲಾಯಿಸಿದ್ದಾರೆ.

ಕೊಡಗಿನವರಿಗೆ ಇದು ಹೊಸ ಮಾತಲ್ಲ. ನಾವು ಹಾಕಿ ನೋಡಿ ಬೆಳೆದವರು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭಿಸಿದ ಮೇಲೆ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಆಟವನ್ನು ಓದುವುದು ಕಲಿತರು. ಹಾಕಿ ನೋಡುವಾಗ ನಾವು ಗೋಲು ಮಾತ್ರ ಎಣಿಸುವುದಿಲ್ಲ. ಚೆಂಡು ಎಷ್ಟು ಬಾರಿ 'ಡಿ' (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಹೋಯಿತು, ಎಷ್ಟು ಪೆನಾಲ್ಟಿ ಕಾರ್ನರ್ ಸಿಕ್ಕಿತು, ಫೀಲ್ಡ್ ಗೋಲು ಎಷ್ಟು, ಕಾರ್ನರ್‌ನಿಂದ ಬಂದದ್ದೆಷ್ಟು ಎಂದು ಬೇರೆ ಬೇರೆ ಲೆಕ್ಕ ಇಡುತ್ತೇವೆ. ಪೆನಾಲ್ಟಿ ಕಾರ್ನರ್ ಹೊಡೆಯುವ ಒಳ್ಳೆಯ ಡ್ರ್ಯಾಗ್ ಫ್ಲಿಕರ್ ಇರುವ ತಂಡ ಐದು ಗೋಲು ಹೊಡೆದರೂ ಅವರ ಫಾರ್ವರ್ಡ್‌ಗಳು ಆಡಲಿಲ್ಲ ಎಂದು ಹೇಳುವಷ್ಟು ಸೂಕ್ಷ್ಮ ನಮಗಿದೆ. ಅದೇ ಕಣ್ಣನ್ನು ಫುಟ್‌ಬಾಲಿಗೂ ತನ್ನಿ ಎಂದು ಕೇಳಲು ಬಂದಿದ್ದೇನೆ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಹಾಕಿಯಲ್ಲಿ ಆಫ್‌ಸೈಡ್, ಅಂದರೆ ಎದುರಾಳಿಯ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತು ಪಾಸಿಗೆ ಕಾಯಬಾರದೆಂಬ ನಿಯಮವನ್ನು 1990ರ ದಶಕದಲ್ಲೇ ತೆಗೆದುಹಾಕಿದರು. ಫಾರ್ವರ್ಡ್ ಆಟಗಾರ ಎದುರಾಳಿಯ ಗೋಲಿನ ಬಳಿಯೇ ಕಾದು ನಿಲ್ಲಬಹುದು. ಫುಟ್‌ಬಾಲ್‌ನಲ್ಲಿ ಹಾಗೆ ಕಾಯಲು ಸಾಧ್ಯವಿಲ್ಲ. ಚೆಂಡು ಹೊರಡುವ ಕ್ಷಣಕ್ಕೆ ಸರಿಯಾಗಿ ಓಡಬೇಕು. ಹಾಗಾಗಿ ಫುಟ್‌ಬಾಲ್‌ನ ದಾಳಿ ಎಂದರೆ ಇಬ್ಬರ ನಡುವಿನ ಸಮಯದ ಹೊಂದಾಣಿಕೆ: ಕೊಡುವವನಿಗೆ ಓಡುವವನ ಕಾಲು ಗೊತ್ತಿರಬೇಕು, ಓಡುವವನಿಗೆ ಕೊಡುವವನ ತಲೆ ಗೊತ್ತಿರಬೇಕು. ಈ ಪರಿಚಯ ಬೆಳೆಯಲು ತಿಂಗಳುಗಳು ಬೇಕು.

ಈಗ ನಮ್ಮದೇ ದೇಶದ ತಂಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2024ರ ಜುಲೈನಲ್ಲಿ ಸ್ಪೇನ್‌ನ ಮನೋಲೊ ಮಾರ್ಕೆಸ್ ಭಾರತದ ಕೋಚ್ ಆದರು. ಒಂದು ವರ್ಷದಲ್ಲಿ ಎಂಟು ಪಂದ್ಯ, ಐದು ಗೋಲು, ಒಂದೇ ಗೆಲುವು. ಐದು ಗೋಲಿನಲ್ಲಿ ಮೂರು ಒಂದೇ ದಿನ ಬಂದವು, 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ. 3–0 ಎಂದು ಪತ್ರಿಕೆಯಲ್ಲಿ ಓದಿದರೆ ದಾಳಿ ಕುದುರಿತು ಎನ್ನಿಸುತ್ತದೆ. ಆದರೆ ಆ ಮೂರೂ ಗೋಲುಗಳು ತಲೆಯಿಂದ ಬಂದವು. ರಾಹುಲ್ ಭೆಕೆ ಹೊಡೆದದ್ದು ಕಾರ್ನರ್‌ನಿಂದ (ಮೈದಾನದ ಮೂಲೆಯಿಂದ ಒದೆಯುವ ಚೆಂಡು), ಲಿಸ್ಟನ್ ಕೊಲಾಸೊ ಹೊಡೆದದ್ದೂ ಕಾರ್ನರ್‌ನಿಂದ. ಮೂರನೆಯದು ಮಾತ್ರ ಆಟದ ಓಟದಲ್ಲಿ ಬಂತು: ಲಿಸ್ಟನ್ ಕ್ರಾಸ್ ಮಾಡಿದರು, ಅಂದರೆ ಬದಿಯಿಂದ ಚೆಂಡನ್ನು ಗೋಲಿನ ಮುಂದಕ್ಕೆ ಹಾಕಿದರು, ನಿವೃತ್ತಿಯಿಂದ ಮರಳಿದ್ದ ಸುನಿಲ್ ಛೇತ್ರಿ ತಲೆ ಕೊಟ್ಟರು. ಅದಕ್ಕೂ ಮೊದಲು ಹೈದರಾಬಾದ್‌ನಲ್ಲಿ ಮಲೇಷ್ಯಾ ವಿರುದ್ಧ ಬಂದ ಒಂದು ಗೋಲೂ ಕಾರ್ನರ್‌ನಿಂದ ಭೆಕೆಯವರ ಹೆಡರ್. ಉಳಿದದ್ದು ವಿಯೆಟ್ನಾಂನಲ್ಲಿ ಫಾರೂಖ್ ಚೌಧರಿ ಹೊಡೆದದ್ದು. ಹಿಂದಿನಿಂದ ಬಂದ ಉದ್ದದ ಪಾಸಿಗೆ ಓಡಿ, ಗೋಲ್‌ಕೀಪರ್ ಮೇಲಿಂದ ಚೆಂಡನ್ನು ಎತ್ತಿ ಹಾಕಿದರು.

ಐದರಲ್ಲಿ ಮೂರು ಕಾರ್ನರ್‌ನಿಂದ, ಅವುಗಳಲ್ಲಿ ಎರಡನ್ನು ಹೊಡೆದದ್ದು ಒಬ್ಬ ಡಿಫೆಂಡರ್. ಕಾಲಿನಿಂದ ಬಂದದ್ದು ಒಂದೇ ಒಂದು. ಮಾಲ್ಡೀವ್ಸ್ ಪಂದ್ಯ ಮುಗಿದ ಆರು ದಿನಕ್ಕೆ, ಅದೇ ಮೈದಾನದಲ್ಲಿ ಬಾಂಗ್ಲಾದೇಶದ ಎದುರು 0–0. ಜೂನ್‌ನಲ್ಲಿ ಥಾಯ್ಲೆಂಡ್‌ಗೆ 0–2, ಹಾಂಗ್‌ಕಾಂಗ್‌ಗೆ 0–1. ಕೊಂಬೆ ನೋಡಿದವರಿಗೆ ಇದು ಆಶ್ಚರ್ಯವಾಗಲಿಲ್ಲ.

ನಂತರ 2025ರ ಆಗಸ್ಟ್ ಆರಂಭದಲ್ಲಿ ಖಾಲಿದ್ ಜಮೀಲ್ ಬಂದರು. 2016–17ರಲ್ಲಿ ಐಜಾಲ್‌ನಂಥ ಸಣ್ಣ ತಂಡವನ್ನು ಐ–ಲೀಗ್ ಎಂಬ ರಾಷ್ಟ್ರೀಯ ಕ್ಲಬ್ ಲೀಗಿನ ಚಾಂಪಿಯನ್ ಮಾಡಿದವರು, ನಮ್ಮವರು ಎಂಬ ಸಂತೋಷ ನನಗೂ ಇತ್ತು, ಈಗಲೂ ಇದೆ. ಆಗಸ್ಟ್ 29ರಂದು ಮೊದಲ ಪಂದ್ಯ, ತಜಿಕಿಸ್ತಾನದಲ್ಲಿ ತಜಿಕಿಸ್ತಾನದ ವಿರುದ್ಧವೇ. ಹದಿಮೂರು ನಿಮಿಷದೊಳಗೆ ಭಾರತ 2–0 ಮುಂದೆ! ಮೊದಲನೆಯದು ಉವೈಸ್ ಅವರ ಉದ್ದದ ಥ್ರೋ-ಇನ್‌ಗೆ ಅನ್ವರ್ ಅಲಿ ತಲೆ ಕೊಟ್ಟದ್ದು. ಎರಡನೆಯದು ಭೆಕೆಯವರ ಹೆಡರ್ ಅನ್ನು ಗೋಲ್‌ಕೀಪರ್ ತಡೆದಾಗ ಮರಳಿ ಬಂದ ಚೆಂಡನ್ನು ಸಂದೇಶ್ ಝಿಂಗನ್ ತಳ್ಳಿದ್ದು. ಹೊಡೆದ ಇಬ್ಬರೂ ಡಿಫೆಂಡರ್‌ಗಳು. ಉವೈಸ್ ಜಮ್‌ಶೆಡ್‌ಪುರ ಕ್ಲಬ್‌ನಲ್ಲಿ ಜಮೀಲ್ ಕೈಕೆಳಗೆ ಆಡಿದ್ದವರು. ಅವರ ಕೈಯಲ್ಲಿ ಎಷ್ಟು ಬಲವಿದೆ ಎಂದು ಕೋಚ್‌ಗೆ ಗೊತ್ತಿತ್ತು. ಹೊಸ ಕೋಚ್‌ನ ಮೊದಲ ವಾರದ ಕೆಲಸ ಎಲ್ಲಿ ಕಾಣುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಆ ಥ್ರೋ-ಇನ್ ತೋರಿಸುತ್ತೇನೆ. ನಿಂತ ಚೆಂಡಿನ ಆಟವನ್ನು ನಾಲ್ಕು ದಿನದಲ್ಲಿ ಕಲಿಸಬಹುದು: ನೀನು ಇಲ್ಲಿ ನಿಲ್ಲು, ನೀನು ಅಲ್ಲಿಂದ ಓಡು, ನೀನು ಗೋಲ್‌ಕೀಪರ್ ಎದುರು ಇರು. ಓಡುವ ಚೆಂಡಿನ ಆಟ ಹಾಗೆ ಬರುವುದಿಲ್ಲ.

ಮುಂದಿನ ಆರು ಪಂದ್ಯ ನೋಡಿ. ಇರಾನ್ ಎದುರು ಸೊನ್ನೆ, ಅಫ್ಘಾನಿಸ್ತಾನದ ಎದುರು ಸೊನ್ನೆ. ಒಮಾನ್ ಎದುರು ಉದಾಂತ ಸಿಂಗ್ ಅವರ ಹೆಡರ್‌ನಿಂದ ಸಮಬಲ, ಆಮೇಲೆ ಶೂಟೌಟ್‌ನಲ್ಲಿ ಗೆಲುವು. ಸಿಂಗಾಪುರದಲ್ಲಿ ಹತ್ತೇ ಜನ ಉಳಿದಿದ್ದಾಗ ತೊಂಬತ್ತನೆಯ ನಿಮಿಷದಲ್ಲಿ ರಹೀಂ ಅಲಿ ಎದುರಾಳಿಯ ತಪ್ಪನ್ನು ಹಿಡಿದು ಹೊಡೆದ ಗೋಲು. ಮಡಗಾಂವ್‌ನಲ್ಲಿ ಅದೇ ಸಿಂಗಾಪುರದ ವಿರುದ್ಧ ಛಾಂಗ್ಟೆ ದೂರದಿಂದ ಹೊಡೆದ ಸುಂದರವಾದ ಗೋಲು, ಆದರೆ ಪಂದ್ಯ 1–2ರಿಂದ ಹೋಯಿತು, ಏಷ್ಯನ್ ಕಪ್ ಕೈತಪ್ಪಿತು. ನವೆಂಬರ್‌ನಲ್ಲಿ ಢಾಕಾದಲ್ಲಿ 0–1. ಒಟ್ಟು ಏಳು ಪಂದ್ಯ, ಮತ್ತೆ ಐದೇ ಗೋಲು. ಒಂದು ಥ್ರೋ-ಇನ್, ಒಂದು ಮರುಚೆಂಡು, ಒಂದು ಹೆಡರ್, ಒಂದು ಎದುರಾಳಿಯ ತಪ್ಪು, ಒಂದು ದೂರದ ಹೊಡೆತ. ಮಧ್ಯ ಮೈದಾನದಿಂದ ಮೂರ್ನಾಲ್ಕು ಪಾಸ್‌ಗಳಲ್ಲಿ ಕಟ್ಟಿಕೊಂಡು ಹೋಗಿ, ಬಾಕ್ಸ್ ಒಳಗೆ ಒಬ್ಬನನ್ನು ಬಿಡುವಾಗಿ ನಿಲ್ಲಿಸಿ ಹೊಡೆಸಿದ ಗೋಲು ಈ ಪಟ್ಟಿಯಲ್ಲಿ ನನಗೆ ಕಾಣುವುದಿಲ್ಲ. ಒಬ್ಬರು ಹೋಗಿ ಇನ್ನೊಬ್ಬರು ಬಂದರು, ಗೋಲು ಹುಟ್ಟುವ ಜಾಗ ಹೆಚ್ಚು ಬದಲಾಗಲಿಲ್ಲ.

ಇದನ್ನು ಯಾವ ಕೋಚ್‌ನ ಮೇಲಿನ ದೂರಾಗಿಯೂ ನಾನು ಹೇಳುತ್ತಿಲ್ಲ. ಕಾರಣ ಬೇರೆ ಕಡೆ ಇದೆ. ಇದೇ ಮಾರ್ಕೆಸ್ 2021–22ರಲ್ಲಿ ಹೈದರಾಬಾದ್ ತಂಡವನ್ನು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಚಾಂಪಿಯನ್ ಮಾಡಿದ್ದರು. ಆಗ ಮುಂದೆ ನೈಜೀರಿಯಾದ ಬಾರ್ತೊಲೊಮ್ಯೂ ಒಗ್ಬೆಚೆ ಇದ್ದರು, ಒಂದೇ ಸೀಸನ್‌ನಲ್ಲಿ 18 ಗೋಲು ಹೊಡೆದರು. ರಾಷ್ಟ್ರೀಯ ತಂಡಕ್ಕೆ ಬಂದಾಗ ಆ ಜಾಗದಲ್ಲಿ ನಿಲ್ಲಿಸಲು ಯಾರಿದ್ದರು? 2024–25ರ ಐಎಸ್‌ಎಲ್‌ನಲ್ಲಿ ಹೆಚ್ಚು ಗೋಲು ಹೊಡೆದವರು ಮೊರಾಕೊದ ಅಲಾದ್ದೀನ್ ಅಜರಾಯಿ, 23. ಭಾರತೀಯರಲ್ಲಿ ಮೊದಲಿಗರು 14 ಗೋಲು ಹೊಡೆದ ಛೇತ್ರಿ, ವಯಸ್ಸು 40. ಕ್ಲಬ್‌ಗಳು ಮುಖ್ಯ ಸ್ಟ್ರೈಕರ್ ತೊಡುವ ಒಂಬತ್ತನೆಯ ನಂಬರ್ ಅಂಗಿಯನ್ನು ವಿದೇಶಿಯರಿಗೇ ಕೊಡುತ್ತಿರುವಾಗ, ವರ್ಷಕ್ಕೆ ಕೆಲವೇ ವಾರ ಸಿಗುವ ರಾಷ್ಟ್ರೀಯ ಕೋಚ್ ಆ ಜಾಗಕ್ಕೆ ಹುಡುಗನನ್ನು ಎಲ್ಲಿಂದ ತರಬೇಕು? ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ.

ಇದರ ಜೊತೆಗೆ ಬೆಂಗಳೂರು ಎಫ್‌ಸಿಯ ಒಂದು ಪ್ರಸಂಗವನ್ನೂ ಹೇಳಬೇಕು, ನಮ್ಮ ಮಕ್ಕಳು ಬಹಳ ಜನ ಆ ನೀಲಿ ಅಂಗಿ ಹಾಕುತ್ತಾರೆ. ಆಲ್ಬರ್ಟ್ ರೋಕಾ ಕೋಚ್ ಆಗಿದ್ದ 2017–18ರಲ್ಲಿ ವೆನೆಜುವೆಲಾದ ಸ್ಟ್ರೈಕರ್ ಮಿಕು 15 ಗೋಲು, ಛೇತ್ರಿ 14 ಗೋಲು ಹೊಡೆದಿದ್ದರು. ಮುಂದಿನ ವರ್ಷ ಕಾರ್ಲೆಸ್ ಕ್ವಾದ್ರತ್ ಬಂದರು, ಬಂದ ವರ್ಷವೇ ಕಪ್ ಗೆದ್ದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್ 117ನೆಯ ನಿಮಿಷದವರೆಗೆ ಎಳೆಯಿತು, ಆಮೇಲೆ ಕಾರ್ನರ್‌ನಿಂದ ಬಂದ ಚೆಂಡಿಗೆ ಅದೇ ಭೆಕೆ ತಲೆ ಕೊಟ್ಟು ಗೆಲ್ಲಿಸಿದರು. ಆ ರಾತ್ರಿ ನಾವು ಹಬ್ಬ ಮಾಡಿದೆವು, ಮಾಡಬೇಕಾದದ್ದೇ. ಮಿಕು ತಂಡ ಬಿಟ್ಟು ಹೋದ ನಂತರದ 2019–20ರ ಲೀಗ್‌ನಲ್ಲಿ ಕೋಚ್ ಅವರೇ, ಮೈದಾನ ಅದೇ ಕಂಠೀರವ, 18 ಪಂದ್ಯಗಳಿಂದ ಬೆಂಗಳೂರು ಹೊಡೆದದ್ದು 22 ಗೋಲು. ಅಷ್ಟೇ ಪಂದ್ಯಗಳಲ್ಲಿ ಗೋವಾ 46 ಗೋಲು ಹೊಡೆದಿತ್ತು. ಗೋವಾ ತಂಡಕ್ಕೆ ಸೆರ್ಜಿಯೊ ಲೊಬೇರಾ 2017ರಲ್ಲಿ ಬಂದಿದ್ದರು, ಮುಂದೆ ಸ್ಪೇನ್‌ನ ಸ್ಟ್ರೈಕರ್ ಕೋರೊ ಮೂರನೆಯ ವರ್ಷ ಆಡುತ್ತಿದ್ದರು. ಮೂರು ವರ್ಷ ಒಟ್ಟಿಗೆ ಇದ್ದವರ ಆಟದಲ್ಲಿ ಯಾರೂ ತಲೆ ಎತ್ತಿ ಹುಡುಕಬೇಕಾಗಿರಲಿಲ್ಲ, ಪಾಸ್ ಹೋಗುವ ಕಡೆಗೆ ಕಾಲು ಮೊದಲೇ ಹೊರಟಿರುತ್ತಿತ್ತು.

ಹಾಗಾದರೆ ನಾವು ಏನನ್ನು ನೋಡಬೇಕು? ನಾನು ಪಂದ್ಯಕ್ಕೆ ಹೋಗುವಾಗ ಒಂದು ನೂರು ಪುಟದ ನೋಟ್‌ಪುಸ್ತಕ ಒಯ್ಯುತ್ತೇನೆ. ಅದರಲ್ಲಿ ನಾನು ಹೆಚ್ಚು ನಂಬುವ ಅಂಕಣ ಒಂದಿದೆ: ಕ್ರಾಸ್ ಬರುವ ಕ್ಷಣದಲ್ಲಿ ಪೆನಾಲ್ಟಿ ಬಾಕ್ಸ್ ಒಳಗೆ ನಮ್ಮವರು ಎಷ್ಟು ಮಂದಿ ಇದ್ದಾರೆ. ಗೋಲಿನ ಎರಡು ಕಂಬಗಳ ನಡುವಿನ ಅಗಲ 7.32 ಮೀಟರ್, ಹಾಕಿ ಗೋಲಿನ ಸರಿಯಾಗಿ ಎರಡರಷ್ಟು. ಅಷ್ಟು ಅಗಲದ ಬಾಯಿ ತೆರೆದಿರುವಾಗ ಒಬ್ಬನೇ ಸ್ಟ್ರೈಕರ್ ನಿಂತಿದ್ದರೆ ಇಬ್ಬರು ಡಿಫೆಂಡರ್‌ಗಳು ಅವನನ್ನು ಸ್ಯಾಂಡ್‌ವಿಚ್ ಮಾಡಿ ನಿಲ್ಲಿಸುತ್ತಾರೆ. ಇಬ್ಬರು ಹೋದರೆ ಒಬ್ಬ ಹತ್ತಿರದ ಕಂಬಕ್ಕೆ, ಇನ್ನೊಬ್ಬ ದೂರದ ಕಂಬಕ್ಕೆ. ಮೂರನೆಯವನು ಹೋದಾಗ ಮಾತ್ರ ಪೆನಾಲ್ಟಿ ಚುಕ್ಕಿಯ ಬಳಿ ಜಾಗ ಹುಟ್ಟುತ್ತದೆ, ಏಕೆಂದರೆ ಡಿಫೆಂಡರ್‌ಗಳೆಲ್ಲ ಕಂಬಗಳ ಕಡೆಗೆ ಎಳೆದುಹೋಗಿರುತ್ತಾರೆ. ಈ ಮೂರನೆಯವನು ಸಾಮಾನ್ಯವಾಗಿ ಮಿಡ್‌ಫೀಲ್ಡರ್. ಅವನು ಓಡುವುದು ಧೈರ್ಯದ ಕೆಲಸ, ಏಕೆಂದರೆ ಚೆಂಡು ಕಳೆದರೆ ಅಷ್ಟೇ ದೂರ ಹಿಂದಕ್ಕೆ ಓಡಬೇಕು. ಕೋಚ್ ಹೇಳದೆ, ಹೇಳಿ ಅಭ್ಯಾಸ ಮಾಡಿಸದೆ ಯಾವ ಹುಡುಗನೂ ಆ ಓಟ ಓಡುವುದಿಲ್ಲ. ಹೊಸ ಕೋಚ್ ಬಂದ ಮೇಲೆ ಆ ಅಂಕಣದಲ್ಲಿ ಒಂದು, ಎರಡು ಎಂದಿದ್ದದ್ದು ಮೂರು, ನಾಲ್ಕು ಆಗತೊಡಗಿದರೆ ಸ್ಕೋರ್‌ಬೋರ್ಡ್ ಏನೇ ಹೇಳಲಿ, ದಾಳಿ ಬದಲಾಗಿದೆ.

ಇನ್ನೊಂದು, ಚೆಂಡಿಲ್ಲದ ಕಡೆಯ ವಿಂಗರ್ ಅನ್ನು, ಅಂದರೆ ಬದಿಯಲ್ಲಿ ಆಡುವ ಫಾರ್ವರ್ಡ್ ಅನ್ನು ನೋಡಿ. ಚೆಂಡು ಬಲಗಡೆ ಇರುವಾಗ ಎಡಗಡೆಯ ಹುಡುಗ ಗೆರೆಯ ಬಳಿ ನಿಂತು ನೋಡುತ್ತಿದ್ದಾನೆಯೇ, ಒಳಗೆ ಬಂದು ದೂರದ ಕಂಬಕ್ಕೆ ಹೊರಟಿದ್ದಾನೆಯೇ? ಟಿವಿಯಲ್ಲಿ ಇದು ಕಾಣುವುದೇ ಇಲ್ಲ, ಕ್ಯಾಮೆರಾ ಚೆಂಡಿನ ಹಿಂದೆಯೇ ಇರುತ್ತದೆ. ಮೈದಾನಕ್ಕೆ ಬಂದು ಆಟ ನೋಡಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ನಮ್ಮ ಹುಡುಗರಿಗೆ ಇದು ಯಾಕೆ ಕಷ್ಟ ಎಂದೂ ಹೇಳುತ್ತೇನೆ. ನಾವು ಬೆಳೆದದ್ದು ಸೆವೆನ್ಸ್ ಆಡಿ. ಸಣ್ಣ ಮೈದಾನ, ಏಳು ಜನ, ಎಲ್ಲಿಂದ ಬೇಕಾದರೂ ಗೋಲಿಗೆ ಹೊಡೆಯಬಹುದು. ಆಟಿ ತಿಂಗಳ ಮಳೆಯಲ್ಲಿ ಕೆಸರುಗದ್ದೆಯಲ್ಲಿ ಆಡಿದವರಿಗಂತೂ ಚೆಂಡು ಉರುಳುವುದೇ ಇಲ್ಲ, ಎತ್ತಿ ಹೊಡೆದದ್ದೇ ಪಾಸ್. ಅದರಿಂದ ಕಾಲಿಗೆ ಬಲ ಬಂತು, ಮೈಗೆ ಧೈರ್ಯ ಬಂತು, ಒಬ್ಬನನ್ನು ದಾಟಿ ಹೋಗುವ ಚಾತುರ್ಯ ಬಂತು. ನಾನು ಆ ಆಟವನ್ನು ಪ್ರೀತಿಸುತ್ತೇನೆ. ಆದರೆ ನೂರು ಮೀಟರ್ ಉದ್ದದ ಮೈದಾನದಲ್ಲಿ ಹನ್ನೊಂದು ಜನ ಆಡುವಾಗ ಚೆಂಡಿಲ್ಲದೆ ಓಡುವುದೇ ಅರ್ಧ ಆಟ. ಅದನ್ನು ಸೆವೆನ್ಸ್ ಕಲಿಸುವುದಿಲ್ಲ, ಕೋಚ್ ಕಲಿಸಬೇಕು.

ಚೆಂಡನ್ನು ಎಲ್ಲಿ ಮರಳಿ ಗೆದ್ದರು ಎಂಬುದನ್ನೂ ಗುರುತು ಮಾಡಿಕೊಳ್ಳಿ. ಮೈದಾನವನ್ನು ಮೂರು ಭಾಗ ಮಾಡಿದರೆ ಸಾಕು. ಎದುರಾಳಿಯ ಭಾಗದಲ್ಲಿ ಗೆದ್ದ ಒಂದು ಚೆಂಡು ನಮ್ಮ ಭಾಗದಲ್ಲಿ ಗೆದ್ದ ಹತ್ತಕ್ಕೆ ಸಮ, ಏಕೆಂದರೆ ಅವರ ಡಿಫೆಂಡರ್‌ಗಳು ಆಗ ಚದುರಿರುತ್ತಾರೆ.

ಹಿಂದಿನ ಸಾಲಿನಿಂದ ಒಬ್ಬರು ಎಕ್ಸ್‌ಜಿ (ಎಕ್ಸ್‌ಪೆಕ್ಟೆಡ್ ಗೋಲ್ಸ್, ನಿರೀಕ್ಷಿತ ಗೋಲು) ಬಗ್ಗೆ ಕೇಳುತ್ತಿದ್ದಾರೆ. ಮೊಬೈಲ್‌ನಲ್ಲಿ ಪಂದ್ಯದ ಅಂಕಿ ನೋಡುವ ಮಕ್ಕಳಿಗೆ ಅದು ಗೊತ್ತು. ಅಂಥ ಜಾಗದಿಂದ, ಅಂಥ ಸ್ಥಿತಿಯಲ್ಲಿ ಹೊಡೆದ ಹೊಡೆತ ಸಾಮಾನ್ಯವಾಗಿ ನೂರಕ್ಕೆ ಎಷ್ಟು ಬಾರಿ ಗೋಲಾಗುತ್ತದೆ ಎಂಬ ಅಂದಾಜು ಅದು. ಪೆನಾಲ್ಟಿಯಾದರೆ ಹತ್ತಕ್ಕೆ ಏಳೆಂಟು. ಅದೇ ದೂರದಿಂದ ಕಾಲಿನಲ್ಲಿ ಹೊಡೆದದ್ದಕ್ಕಿಂತ ತಲೆಯಲ್ಲಿ ಹೊಡೆದದ್ದು ಕಡಿಮೆ ಬಾರಿ ಗೋಲಾಗುತ್ತದೆ. ಕಾರ್ನರ್ ಸಿಕ್ಕಿತು ಎಂದು ನಾವು ಎದ್ದು ಕೂಗುತ್ತೇವಲ್ಲ, ನೂರು ಕಾರ್ನರ್‌ಗೆ ಗೋಲಾಗುವುದು ಮೂರ್ನಾಲ್ಕು ಮಾತ್ರ. ಹೀಗಿರುವಾಗ ಕಾರ್ನರ್ ಹೆಡರ್‌ಗಳ ಮೇಲೆ ನಿಂತ ದಾಳಿ ಎಷ್ಟು ದಿನ ನಡೆಯುತ್ತದೆ ಎಂದು ನೀವೇ ಲೆಕ್ಕ ಹಾಕಿ. ಎಕ್ಸ್‌ಜಿ ಒಳ್ಳೆಯ ಸಾಧನ, ಆದರೆ ಹತ್ತು ಹದಿನೈದು ಪಂದ್ಯ ಕೂಡಿಸಿ ನೋಡಬೇಕು, ಒಂದು ಪಂದ್ಯಕ್ಕೆ ಅಲ್ಲ. ಹೊಡೆತವೇ ಆಗದೆ ಸ್ವಲ್ಪದರಲ್ಲಿ ತಪ್ಪಿದ ಪಾಸ್ ಅದರಲ್ಲಿ ಸೇರುವುದಿಲ್ಲ ಎಂಬುದೂ ನೆನಪಿರಲಿ.

ಎದುರಾಳಿ ಯಾರು, ಸ್ಕೋರ್ ಎಷ್ಟಿತ್ತು ಎಂಬುದನ್ನು ಬರೆದುಕೊಳ್ಳದ ಅಂಕಿ ದಾರಿ ತಪ್ಪಿಸುತ್ತದೆ. ತಜಿಕಿಸ್ತಾನದ ಪಂದ್ಯದಲ್ಲಿ ಹದಿಮೂರನೆಯ ನಿಮಿಷಕ್ಕೇ ಎರಡು ಗೋಲು ಮುಂದಿದ್ದ ಭಾರತ ಉಳಿದ ಹೊತ್ತೆಲ್ಲ ಹಿಂದೆ ನಿಂತು ಕಾಯಿತು, ಗೋಲ್‌ಕೀಪರ್ ಗುರುಪ್ರೀತ್ ಪೆನಾಲ್ಟಿಯನ್ನೂ ತಡೆಯಬೇಕಾಯಿತು. ಆ ಎಪ್ಪತ್ತೇಳು ನಿಮಿಷದ ಅಂಕಿ ತೆಗೆದುಕೊಂಡು ದಾಳಿಯೇ ಇಲ್ಲ ಎನ್ನುವುದು ಅನ್ಯಾಯ. ಗೆಲ್ಲುತ್ತಿರುವ ತಂಡ ಹಿಂದೆ ಸರಿಯುವುದು ಸಹಜ. ಆದ್ದರಿಂದ ನಾನು ಸ್ಕೋರ್ ಸಮವಾಗಿರುವ ನಿಮಿಷಗಳನ್ನು ಬೇರೆ ಪುಟದಲ್ಲಿ ಬರೆಯುತ್ತೇನೆ. ಕೋಚ್‌ನ ಮನಸ್ಸಿನಲ್ಲಿರುವ ಆಟ ಆ ನಿಮಿಷಗಳಲ್ಲೇ ಕಾಣುತ್ತದೆ.

ಕೊನೆಗೆ, ಇದೇ ಜಿಲ್ಲೆಯ ಒಂದು ತಂಡದ ವಿಷಯ ಹೇಳುತ್ತೇನೆ, ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಒಬ್ಬ ಯುವಕರು ಕೋಚ್ ಆಗಿ ಬಂದರು. ಅದಕ್ಕೂ ಮೊದಲು ಆ ತಂಡದ ದಾಳಿ ಎಂದರೆ ಗೋಲ್‌ಕೀಪರ್ ಎತ್ತಿ ಹೊಡೆಯುವುದು, ಮುಂದೆ ನಿಂತ ಎತ್ತರದ ಹುಡುಗ ಗುದ್ದಾಡುವುದು. ನಾನು ಅವರ ಮೊದಲ ನಾಲ್ಕು ಪಂದ್ಯಗಳನ್ನೂ ಗೆರೆಯ ಪಕ್ಕ ನಿಂತು ನೋಡಿದೆ. ನಾಲ್ಕರಲ್ಲಿ ಒಂದೇ ಗೋಲು, ಮೂರು ಸೋಲು. ಆದರೆ ನನ್ನ ಪುಸ್ತಕದಲ್ಲಿ ಮೊದಲ ಪಂದ್ಯದಲ್ಲಿ ಕ್ರಾಸ್ ಬಂದಾಗ ಬಾಕ್ಸ್ ಒಳಗೆ ಹೆಚ್ಚಾಗಿ ಒಬ್ಬ ಇದ್ದದ್ದು ನಾಲ್ಕನೆಯ ಪಂದ್ಯದ ಹೊತ್ತಿಗೆ ಮೂವರಾಗಿತ್ತು. ಎಡಗಡೆಯ ವಿಂಗರ್, ಎಂಟನೆಯ ತರಗತಿಯಿಂದ ನಾನು ಬಲ್ಲ ಹುಡುಗ, ಮೊದಲ ಬಾರಿಗೆ ದೂರದ ಕಂಬಕ್ಕೆ ಓಡುವುದನ್ನು ಕಂಡೆ. ಎರಡು ಬಾರಿ ಅವನ ಕಾಲಿನ ಮುಂದಿನಿಂದ ಚೆಂಡು ಒಂದು ಗೇಣಿನ ಅಂತರದಲ್ಲಿ ಹೋಯಿತು.

ಸಮಿತಿಯವರ ಬಳಿ ಹೋಗಿ ಪುಸ್ತಕ ತೋರಿಸಿದೆ, ಇನ್ನೊಂದು ಸೀಸನ್ ಕೊಡಿ ಎಂದು ಕೇಳಿಕೊಂಡೆ. ಅವರು ಫಲಿತಾಂಶದ ಹಾಳೆ ತೋರಿಸಿದರು. ಐದನೆಯ ಪಂದ್ಯಕ್ಕೆ ಆ ಯುವಕರು ಇರಲಿಲ್ಲ. ಮುಂದಿನ ವರ್ಷ ಅದೇ ಹುಡುಗರು ಗೋಲು ಹೊಡೆದರು, ತುಂಬಾ ಹೊಡೆದರು, ಆಗ ಗೆರೆಯ ಪಕ್ಕ ಬೇರೊಬ್ಬರು ನಿಂತಿದ್ದರು. ಆ ಎಡಗಡೆಯ ಹುಡುಗನೇ ದೂರದ ಕಂಬದಲ್ಲಿ ಮೂರು ಬಾರಿ ಚೆಂಡು ಮುಟ್ಟಿಸಿದ.

ಆ ನಾಲ್ಕು ಪಂದ್ಯಗಳ ಪುಸ್ತಕವನ್ನು ಇವತ್ತು ತಂದಿದ್ದೇನೆ, ಮೇಜಿನ ಮೇಲಿದೆ. ಆಡುವ ಮಕ್ಕಳು ಹತ್ತಿರ ಬಂದು ನೋಡಬಹುದು. ಅಂಕಣಗಳನ್ನು ಹೇಗೆ ಎಳೆಯಬೇಕು ಎಂದು ತೋರಿಸಿಕೊಡುತ್ತೇನೆ, ನಿಮ್ಮ ಮುಂದಿನ ಪಂದ್ಯಕ್ಕೆ ಒಂದು ಪೆನ್ಸಿಲ್ ತನ್ನಿ. ಮಳೆಯಲ್ಲಿ ಪೆನ್ನಿನ ಶಾಯಿ ನಿಲ್ಲುವುದಿಲ್ಲ.